ಪಟ್ಟಿಯ ಐದನೇ ಸಾಲು

ದೀಪಾವಳಿ ಮುಗಿದು ಸೋಯಾ ತುಂಬಿದ ಟ್ರ್ಯಾಕ್ಟರುಗಳು ಹುಮನಾಬಾದಿನ ಬಜಾರಿಗೆ ಸಾಲುಗಟ್ಟಿದ್ದ ದಿನಗಳು. ಒಂದು ಬೆಳಿಗ್ಗೆ ಕಾಂಟಾದ ಅಕ್ಕ ನನಗೆ ಫೋನ್ ಮಾಡಿ ಅಳತೊಡಗಿದಳು. ಕಾಂಟಾ ಎಂದರೆ ಲಾರಿ, ಟ್ರ್ಯಾಕ್ಟರುಗಳನ್ನು ಮಾಲಿನ ಸಮೇತ ನಿಲ್ಲಿಸಿ ತೂಗುವ ಕಬ್ಬಿಣದ ಹಾಸು. ಅದರ ಪಕ್ಕದ ಸಣ್ಣ ಕೋಣೆಯಲ್ಲಿ ಒಂದು ಕಂಪ್ಯೂಟರ್, ಒಂದು ಪ್ರಿಂಟರ್, ಒಂದು ಕುರ್ಚಿ. ಆ ಕುರ್ಚಿಯಲ್ಲಿ ಕೂತು ತೂಕದ ಚೀಟಿ ಕೊಡುವುದು ಅಕ್ಕನ ಕೆಲಸ.

"ತಂಗಿ, ನನಗ ಕಳ್ಳಿ ಅಂದ್ರವ್ವಾ. ಹಮಾಲರ ಮುಂದ, ರೈತರ ಮುಂದ, ಎಲ್ಲರ ಮುಂದ."

"ಯಾರಂದ್ರು?"

"ಸಾವಕಾರ್ರು. ಸೋಯಾ ಟ್ರ್ಯಾಕ್ಟರಿಗೆ ತೊಗರಿ ಚೀಟಿ ಹರದು ಕೊಟ್ಟೀನಂತ. ನಾ ಯಾಕ ಕೊಡ್ಲಿ? ನಾ ಒತ್ತೋದು ಒಂದೇ ಗುಂಡಿ. ದಿನಾ ಒತ್ತೋದೂ ಅದೇ ಗುಂಡಿ."

ತೊಗರಿಯ ದರ ಸೋಯಾದ್ದಕ್ಕಿಂತ ಬಹಳ ಮೇಲೆ. ಸೋಯಾ ತಂದವನ ಕೈಯಲ್ಲಿ ತೊಗರಿ ಎಂದು ಅಚ್ಚಾದ ಚೀಟಿ ಇದ್ದರೆ ಕೊಳ್ಳುವ ಅಂಗಡಿಗೆ ಪಂಗನಾಮ. ಕಾಂಟಾ ಮತ್ತು ಪಕ್ಕದಲ್ಲಿ ರೈತರ ಮಾಲು ಕೊಳ್ಳುವ ಅಡತಿ ಅಂಗಡಿ ಎರಡೂ ಒಬ್ಬರೇ ಸಾಹುಕಾರರವು. ಅವರ ಅಂಗಡಿಯಲ್ಲಿ ಅಂಥ ಚೀಟಿ ಹಲವು ಸಿಕ್ಕಿದ್ದವು. ಮೊದಲು ಸಿಕ್ಕಿದ್ದು ಚಿಟಗುಪ್ಪ ಕಡೆಯ ಟ್ರ್ಯಾಕ್ಟರಿನದು. ಅಕ್ಕನ ತವರೂ ಅದೇ ಕಡೆ. ಅಷ್ಟು ಸಾಕಾಯಿತು, ತವರಿನವರ ಜೊತೆ ಸೇರಿ ಆಟ ಹೂಡಿದ್ದಾಳೆ ಎಂದು ಬಜಾರೆಲ್ಲ ಮಾತಾಡಿತು. ಹೊಲದ ಕೂಲಿಗೆ ಹೋಗುವ ಮನೆಯಿಂದ ಬಂದು ಕುರ್ಚಿಯ ಮೇಲೆ ಕೂತ ಮೊದಲ ಹೆಣ್ಣುಮಗಳು ಆಕೆ. ಕೆಲಸ ಹೋದರೆ ಇನ್ನೊಂದು ಹುಡುಕಬಹುದು. ಕಳ್ಳಿ ಎನಿಸಿಕೊಂಡವಳನ್ನು ಈ ಬಜಾರಿನಲ್ಲಿ ಇನ್ನು ಯಾರು ಕೂರಿಸಿಕೊಳ್ಳುತ್ತಾರೆ?

"ಕಂಪ್ಯೂಟರಿನ ಸರ್‌ಗೆ ಫೋನ್ ಹಚ್ಚಿದ್ರು ತಂಗಿ. ಅವರು, ನಮ್ಮ ಪ್ರೋಗ್ರಾಂ ಚೊಕ್ಕ ಅದ, ನಿಮ್ಮ ಹೆಣ್ಮಗಳೇ ತಪ್ಪು ಒತ್ಯಾಳ ಅಂದ್ರಂತ. ಸೋಮವಾರ ಬಂದು ನೋಡ್ತಾರಂತ. ಅವರು ಹೇಳಿದ ಮ್ಯಾಲ ನನಗ ಮನಿಗೆ ಕಳಸ್ತಾರಂತ."

ಕಂಪ್ಯೂಟರಿನ ಸರ್. ಆ ಹೆಸರು ಕಿವಿಗೆ ಬಿದ್ದದ್ದೇ ತಡ, ನನ್ನ ಮೈಯೆಲ್ಲ ಉರಿಯಿತು. ಖರೆ ಹೇಳಬೇಕೆಂದರೆ ಅಕ್ಕನ ಮೇಲಿನ ಕನಿಕರ ಆಮೇಲೆ ಬಂತು. ಮೊದಲು ಬಂದದ್ದು ಖುಷಿ. ಸಿಕ್ಕಿಬಿದ್ದೆಯಾ ಮಗನೇ ಅಂದುಕೊಂಡೆ.

ಈ ಸರ್ ಬಸವಕಲ್ಯಾಣದಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟವರು. ಕಾಂಟಾಗಳಿಗೆ, ಅಂಗಡಿಗಳಿಗೆ ಪ್ರೋಗ್ರಾಂ ಮಾಡಿ ಕೊಡುತ್ತಾರೆ. ನಾನು ಅವರ ಕೈಕೆಳಗೆ ಕೆಲಸಕ್ಕಿದ್ದೆ. ಕಾಂಟಾದ ಪ್ರೋಗ್ರಾಂ ಶುರು ಮಾಡಿದ್ದು ನಾನೇ. ಅಕ್ಕನಿಗೆ ಕೀಲಿಮಣೆ ಹಿಡಿಯಲು ಕಲಿಸಿದ್ದೂ ನಾನೇ; ನಾವು ಅಕ್ಕ-ತಂಗಿ ಎಂದು ಕರೆದುಕೊಳ್ಳತೊಡಗಿದ್ದು ಆಗಿನಿಂದಲೇ. ಆ ಪ್ರೋಗ್ರಾಮಿನಲ್ಲಿ ಎಡಗಡೆ ಮಾಲುಗಳ ಒಂದು ಪಟ್ಟಿ: ಉದ್ದು, ಕಡಲೆ, ಜೋಳ, ತೊಗರಿ, ಸೋಯಾ, ಹೀಗೆ. ಯಾವುದರ ಮೇಲೆ ನೀಲಿ ಗೆರೆ ನಿಂತಿದೆಯೋ ಆ ಮಾಲು ಚೀಟಿಯಲ್ಲಿ ಅಚ್ಚಾಗುತ್ತದೆ. ಪ್ರೋಗ್ರಾಂ ಮುಚ್ಚಿ ತೆರೆದರೆ ಗೆರೆ ಮತ್ತೆ ಮೊದಲ ಸಾಲಿಗೆ ಓಡುತ್ತಿತ್ತು. ಪ್ರತಿ ಸಲ ಆರಿಸುವುದು ಬೇಸರ, ಹಿಂದಿನದು ನೆನಪಿರಲಿ ಎಂದು ಕಾಂಟಾದವರು ಕೇಳಿದರು.

ನಾನು ಹೇಳಿದ್ದು ಎರಡೇ ಮಾತು. ಆರಿಸಿದ ಕೂಡಲೇ ಬರೆದಿಡಬೇಕು, ಮುಚ್ಚುವವರೆಗೆ ಕಾಯಬಾರದು. ಮತ್ತು ಬರೆದಿಡಬೇಕಾದದ್ದು ಯಾವ ಮಾಲು ಎಂಬುದನ್ನು, ಎಷ್ಟನೇ ಸಾಲು ಎಂಬುದನ್ನಲ್ಲ. "ನಾಳೆ ಪಟ್ಟಿಯೊಳಗ ಹೊಸಾದು ಒಂದು ಸೇರಿದ್ರ ಸಾಲು ಸರೀತಾವಲ್ರಿ ಸರ್," ಎಂದೆ. ಅಂಗಡಿಯಲ್ಲಿ ಗಿರಾಕಿಗಳಿದ್ದರು. ಸರ್ ಅವರ ಕಡೆ ತಿರುಗಿ ನಕ್ಕು, "ನೋಡ್ರಿ ನಮ್ಮ ಇಂಜಿನಿಯರ್‌ಗ! ಏ ಅವ್ವಾ, ಇದೇನು ಅಡಿಗಿ ಮನ್ಯಾಗ ಡಬ್ಬಿ ಹೊಂದಸೋ ಕೆಲಸ ಅಲ್ಲ. ಹೇಳಿದಷ್ಟು ಮಾಡು," ಎಂದರು. ಗಿರಾಕಿಗಳೂ ನಕ್ಕರು. ಆ ನಗು ನನಗೆ ಇವತ್ತಿಗೂ ಕೇಳಿಸುತ್ತದೆ. ನಾನು ಕೆಲಸ ಬಿಟ್ಟೆ. ಅದೇ ಊರಿನ ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಜೆರಾಕ್ಸ್ ಅಂಗಡಿಯ ಮೇಲಿನ ಕೋಣೆ ಹಿಡಿದು ನನ್ನದೇ ಕೆಲಸ ಶುರು ಮಾಡಿದೆ. ಸರ್ ತಮಗೆ ಬೇಕಾದ ಹಾಗೆ ಪ್ರೋಗ್ರಾಂ ಮುಗಿಸಿ, ಈ ಸಲದ ಸೋಯಾ ಹಂಗಾಮಿನ ಆರಂಭದಲ್ಲಿ ಹುಮನಾಬಾದಿನ ಕಾಂಟಾಕ್ಕೆ ಹಾಕಿಕೊಟ್ಟು ಬಂದರು.

ಫೋನ್ ಇಟ್ಟವಳೇ ಹುಮನಾಬಾದಿನ ಬಸ್ಸು ಹತ್ತಿದೆ. ರಾಜೇಶ್ವರ ಊರು ದಾಟುವವರೆಗೂ ಸರ್‌ಗೆ ಏನೇನು ಅನ್ನಬೇಕು ಎಂದು ಮನಸ್ಸಿನಲ್ಲೇ ಮಾತು ಜೋಡಿಸುತ್ತಿದ್ದೆ. ಕಿಟಕಿಯ ಪಕ್ಕ ಕೂತ ಮುದುಕಿ ನನ್ನ ತುಟಿ ಅಲುಗುವುದನ್ನು ನೋಡಿ ಸ್ವಲ್ಪ ಸರಿದು ಕೂತಳು.

ಕಾಂಟಾದಲ್ಲಿ ಅಕ್ಕ ಕಣ್ಣು ಊದಿಸಿಕೊಂಡು ಕೂತಿದ್ದಳು. ಸರ್ ಬರುವವರೆಗೆ ಕೆಲಸ ನಡೆಸಲೇಬೇಕಲ್ಲ, ಆದರೆ ಪ್ರತಿ ಚೀಟಿಯನ್ನೂ ಸಾಹುಕಾರರೇ ಬಂದು ಓದಿ ಕೊಡುತ್ತಿದ್ದರು. ಟ್ರ್ಯಾಕ್ಟರ್ ಇಲ್ಲದ ಹೊತ್ತು ನೋಡಿ, "ಅಕ್ಕ, ಬೆಳಿಗ್ಗೆ ನೀ ಹ್ಯಾಂಗ ಚಾಲೂ ಮಾಡ್ತೀ, ಹಂಗೇ ಮಾಡಿ ತೋರಿಸು. ನಾ ಏನೂ ಅನ್ನಂಗಿಲ್ಲ," ಎಂದೆ.

ಅಕ್ಕ ಎದ್ದು ಗೋಡೆಯ ಮೇನ್ ಸ್ವಿಚ್ ಕೆಳಗೆಳೆದಳು. ಕಾಂಟಾ, ಪ್ರಿಂಟರ್, ಕಂಪ್ಯೂಟರ್ ಎಲ್ಲ ಒಟ್ಟಿಗೆ ಸತ್ತವು.

"ಹಿಂಗ ಬಂದ್ ಮಾಡ್ತೀಯಾ? ಪ್ರೋಗ್ರಾಂ ಮುಚ್ಚಂಗಿಲ್ಲ?"

"ಕಾಂಟಾ ಬಂದ್ ಅಂದ್ರ ಹಿಂಗೇ ತಂಗಿ. ಊಟಕ್ಕ ಹೋಗುವಾಗೂ ಹಿಂಗೇ. ಕರೆಂಟ್ ಹೋದಾಗಂತೂ ಕೇಳೇಬ್ಯಾಡ, ತಾನೇ ಬಂದ್ ಆಗ್ತದ."

ಸ್ವಿಚ್ ಮೇಲೆ ಹೋಯಿತು. ಪ್ರೋಗ್ರಾಂ ತಾನಾಗಿ ತೆರೆದುಕೊಂಡಿತು. ನೀಲಿ ಗೆರೆ ತೊಗರಿಯ ಮೇಲೆ ನಿಂತಿತ್ತು. ಅಕ್ಕ ಯಾವುದನ್ನೂ ಮುಟ್ಟಿರಲಿಲ್ಲ.

ಪಟ್ಟಿಯನ್ನು ಮೇಲಿನಿಂದ ಓದಿದೆ. ಮೊದಲ ಸಾಲಿನಲ್ಲಿ ಉದ್ದು ಇರಲಿಲ್ಲ. ಅಲ್ಲಿ 'ಶ್ರೀ' ಎಂದಿತ್ತು.

"ಇದ್ಯಾರು ಹಾಕಿದ್ದು?"

"ಸಾವಕಾರ್ರು. ಲಕ್ಷ್ಮೀ ಪೂಜಾ ದಿನ. ಹೊಸ ಖಾತಿ ಪುಸ್ತಕದಾಗ ಮೊದಲಿಗೆ ಶ್ರೀ ಬರೀತಾರಲ್ಲ. ಈಗ ಎಲ್ಲಾ ಲೆಕ್ಕ ಇದರಾಗೇ ಅದ ಅಂತ ಕಂಪ್ಯೂಟರಿಗೂ ಕುಂಕುಮ ಹಚ್ಚಿ, ಇದರಾಗೂ ಶ್ರೀ ಹೊಡದು, ಬಾಣದ ಗುರುತು ಒತ್ತಿ ಒತ್ತಿ ಮ್ಯಾಲ ತಂದ್ರು. ಆಮ್ಯಾಲ ಮಂಗಳಾರತಿ ಮಾಡಿ ಸ್ವಿಚ್ ಆರಿಸಿದ್ವಿ."

ನನಗೆ ನಗು ಉಕ್ಕಿ ಬಂತು. ಪ್ರೋಗ್ರಾಂ ತನ್ನ ನೆನಪನ್ನು ಇಟ್ಟುಕೊಳ್ಳುವ ಕಡತವನ್ನು ಹುಡುಕಿ ತೆರೆದೆ. ಒಳಗೆ ಒಂದೇ ಸಾಲು: ಆಯ್ಕೆ, 5. ಮಾಲಿನ ಹೆಸರಿಲ್ಲ, ಬರಿಯ ಸಾಲಿನ ಸಂಖ್ಯೆ. ಆ ಕಡತವನ್ನು ಕೊನೆಯದಾಗಿ ಬರೆದದ್ದು ಯಾವಾಗ ಎಂಬುದನ್ನೂ ನೋಡಿದೆ. ಸರ್ ಬಂದು ಪ್ರೋಗ್ರಾಂ ಹಾಕಿದ ದಿನ. ಅದರ ನಂತರ ಅದನ್ನು ಯಾರೂ ಮುಟ್ಟಿಲ್ಲ.

"ಆ ದಿನ ಸರ್ ಏನು ಮಾಡಿದ್ರು ಅಕ್ಕ?"

"ಸೋಯಾ ಮ್ಯಾಲ ಇಟ್ಟು, ಮೂಲ್ಯಾಗಿನ ಇಂಟು ಗುರುತು ಒತ್ತಿ ಮುಚ್ಚಿ, ತಿರುಗಿ ತೆಗದು, ನೋಡ್ರಿ ಸಾವಕಾರ್ರೆ ನೆನಪಿಟ್ಟದ ಅಂತ ತೋರಿಸಿದ್ರು. ಚಾ ಕುಡದು ಹೋದ್ರು."

ಎಲ್ಲ ತಿಳಿಯಿತು. ಆ ಪ್ರೋಗ್ರಾಂ ಕ್ರಮವಾಗಿ ಮುಚ್ಚಿದರೆ ಮಾತ್ರ ಆಯ್ಕೆಯನ್ನು ಬರೆದಿಡುತ್ತದೆ. ಕ್ರಮವಾಗಿ ಅದನ್ನು ಮುಚ್ಚಿದ್ದು ಜನ್ಮದಲ್ಲಿ ಒಂದೇ ಸಲ, ಅದೂ ಸರ್ ತಾವೇ. ಐದನೇ ಸಾಲು ಎಂದು ಅಂದು ಬರೆದುಕೊಂಡದ್ದೇ ಕೊನೆ. ಹಂಗಾಮು ಪೂರ್ತಿ ಸೋಯಾನೇ ಬಂದದ್ದರಿಂದ ಅದು ಸರಿಯೆಂದು ಕಾಣಿಸುತ್ತಿತ್ತು, ಎಲ್ಲರೂ ನಂಬಿದರು. ಹಬ್ಬದ ದಿನ ಶ್ರೀ ಮೇಲೆ ಬಂದು ಕೂತಿತು, ಪ್ರತಿ ಮಾಲೂ ಒಂದೊಂದು ಸಾಲು ಕೆಳಗಿಳಿಯಿತು, ಐದನೆಯದು ತೊಗರಿಯಾಯಿತು. ಎಂದಾದರೂ ಕಣ್ಣಿಗೆ ಬಿದ್ದು ಅಕ್ಕ ಸೋಯಾ ಆರಿಸಿಟ್ಟರೂ ಕರೆಂಟ್ ಹೋಗಿ ಬಂದಾಗಲೆಲ್ಲ ಗೆರೆ ಮತ್ತೆ ತೊಗರಿಗೆ ಹಾರುತ್ತಿತ್ತು. ತೂಕದ ಅಂಕಿ ಮೇಲೆ ಕಣ್ಣಿಟ್ಟವಳು ಗೆರೆಯನ್ನು ಪ್ರತಿ ಸಲ ಯಾಕೆ ನೋಡುತ್ತಾಳೆ?

ಕುಣಿದುಕೊಂಡೇ ಸಾಹುಕಾರರ ಹತ್ತಿರ ಹೋದೆ. ಅದೇ ತಪ್ಪಾಯಿತು. ಎಲ್ಲ ಬಿಡಿಸಿ ಹೇಳಿ, ಸದ್ಯಕ್ಕೆ ಶ್ರೀ ಅಳಿಸಿದರೆ ಗೆರೆ ಸರಿಯಾಗುತ್ತದೆ ಎಂದೆ. ಅವರು ಕೈಯಲ್ಲಿದ್ದ ಚಹಾದ ಕಪ್ಪು ಕೆಳಗಿಟ್ಟರು.

"ಶ್ರೀ ಅಳಸಂತೀ? ಹಬ್ಬದ ದಿನ ನನ್ನ ಕೈಯಾರೆ ಬರದದ್ದು. ಹೋಗು, ಮೊದಲ ಬಾಯಿ ತೊಳಕೋ."

"ಹಂಗಲ್ರಿ ಸಾವಕಾರ್ರೆ, ಆ ಸರ್ ಮಾಡಿದ ಪ್ರೋಗ್ರಾಂನಾಗೇ..."

"ಗೊತ್ತದವ್ವಾ, ನಿಂದೂ ಅವರದೂ ಏನದ ಅನ್ನೋದು. ಕೆಲಸ ಬಿಡಿಸಿದ ಸಿಟ್ಟು ಇಲ್ಲಿ ತೀರಿಸಿಕೊಳ್ಳಬ್ಯಾಡ. ದೇವರ ಹೆಸರಿನ ಮ್ಯಾಲ ಹಾಕ್ತೀ, ಅವರ ಮ್ಯಾಲ ಹಾಕ್ತೀ, ಒಟ್ಟ ಆಕಿದೊಂದು ತಪ್ಪಿಲ್ಲ!"

ಕೆಲಸ ಬಿಡಿಸಿದ್ದಂತೆ! ಸರ್ ಹಾಗೆ ಹೇಳಿಕೊಂಡು ತಿರುಗುತ್ತಿದ್ದಾರೆ ಎಂಬುದು ನನಗೆ ತಿಳಿದದ್ದೇ ಆಗ. ಹಲ್ಲು ಕಚ್ಚಿ ಹಿಡಿದು ಹೊರಗೆ ಬಂದೆ.

ಬಸವಕಲ್ಯಾಣಕ್ಕೆ ಮರಳಿ ಕೋಣೆಯಲ್ಲಿ ಕೂತು ನನ್ನದೇ ಕಾಂಟಾ ಪ್ರೋಗ್ರಾಂ ಬರೆಯತೊಡಗಿದೆ. ತೂಕದ ಅಂಕಿ ತಂತಿಯಲ್ಲಿ ಬರುವ ಬಗೆ, ಚೀಟಿ ಅಚ್ಚು ಹಾಕುವ ಬಗೆ ಕೈಗೆ ಅಂಟಿದ ಕೆಲಸ. ಕಾಡಿದ್ದು ಪಟ್ಟಿಯೇ. ಪ್ರತಿ ಮಾಲಿಗೂ ಬದಲಾಗದ ಒಂದು ಗುರುತು ಕೊಟ್ಟೆ. ಸೋಯಾ ಎಂಬುದನ್ನು ಯಾರೋ ಸೋಯಾಬೀನ್ ಎಂದು ತಿದ್ದಿದರೂ, ಮೇಲೆ ಕೆಳಗೆ ಸರಿಸಿದರೂ ಗುರುತು ಅದೇ. ಆರಿಸಿದ ಕ್ಷಣವೇ ಆ ಗುರುತನ್ನು ಕಡತಕ್ಕೆ ಬರೆಯುವ ಹಾಗೆ ಮಾಡಿದೆ. ಸೋಯಾ ಆರಿಸಿದೆ, ಮುಚ್ಚಿದೆ, ತೆರೆದೆ. ಗೆರೆ ಉದ್ದಿನ ಮೇಲೆ!

ಮತ್ತೆ ಮಾಡಿದರೂ ಉದ್ದು. ಸರ್ ಎಲ್ಲೋ ನಿಂತು ನಗುತ್ತಿದ್ದಾರೆ ಅನ್ನಿಸಿ ಮೇಜಿಗೆ ಗುದ್ದಿದೆ. ಸಾಲು ಸಾಲಾಗಿ ಹೆಜ್ಜೆಯಿಟ್ಟು ನೋಡಿದ ಮೇಲೆ ಕಳ್ಳ ಸಿಕ್ಕಿದ. ತೆರೆಯುವಾಗ ಪ್ರೋಗ್ರಾಂ ಪಟ್ಟಿಯನ್ನು ತುಂಬುತ್ತದೆ. ತುಂಬಿದ ಕೂಡಲೇ ಮೊದಲ ಸಾಲನ್ನು ತಾನೇ ಆರಿಸಿಕೊಳ್ಳುತ್ತದೆ. ಯಾರೋ ಆರಿಸಿದರು ಎಂದುಕೊಂಡು ನಾನು ಬರೆದ ಕೋಡ್ ಓಡಿಬಂದು 'ಉದ್ದು' ಎಂದು ಬರೆದು, ಹಳೆಯ ನೆನಪನ್ನು ಅಳಿಸಿ ಹಾಕುತ್ತದೆ. ಆಮೇಲೆ ಓದಿದರೆ ಸಿಗುವುದು ಉದ್ದೇ. ಪಟ್ಟಿ ತುಂಬುವ ಹೊತ್ತಿನಲ್ಲಿ ಬರೆಯುವುದನ್ನು ತಡೆದು, ಹಳೆಯದನ್ನು ಓದಿ, ಅದರ ಮೇಲೆ ಗೆರೆ ನಿಲ್ಲಿಸಿ, ಆಮೇಲೆ ತಡೆ ತೆಗೆದೆ. ಸರಿಯಾಯಿತು.

ಇನ್ನು ಕರೆಂಟಿನ ಪರೀಕ್ಷೆ. ಸೋಯಾ ಆರಿಸಿ ಕಂಪ್ಯೂಟರಿನ ಪ್ಲಗ್ ಕಿತ್ತೆ. ಸರ್ ಅವರ ಕಿವಿ ಹಿಡಿದು ಎಳೆದಷ್ಟೇ ಸಮಾಧಾನದಿಂದ ಕಿತ್ತೆ. ಹಲವು ಸಲ ಚೆನ್ನಾಗಿ ಬಂತು. ಒಂದು ಸಲ ಕಡತವೇ ಖಾಲಿ! ಬರೆಯುತ್ತಿರುವಾಗಲೇ ಕರೆಂಟ್ ಹೋದರೆ ಹಳೆಯದೂ ಇಲ್ಲ, ಹೊಸದೂ ಇಲ್ಲ. ಹೊಸದನ್ನು ಬೇರೆ ಕಡತದಲ್ಲಿ ಪೂರ್ತಿ ಬರೆದು, ಅದು ಡಿಸ್ಕಿನ ಮೇಲೆ ಮೂಡಿದ ಮೇಲೆ ಹಳೆಯದರ ಜಾಗಕ್ಕೆ ತರುವ ಹಾಗೆ ತಿದ್ದಿದೆ.

ಆಮೇಲೆ ಉಳಿದ ಪ್ರಶ್ನೆ: ನೆನಪಿಟ್ಟ ಮಾಲು ಪಟ್ಟಿಯಲ್ಲಿ ಸಿಗದಿದ್ದರೆ? ಪ್ರೋಗ್ರಾಂ ಬರೆಯುವವರೆಲ್ಲ ಗೆರೆಯನ್ನು ಮೊದಲ ಸಾಲಿಗೆ ಕಳಿಸಿಬಿಡುತ್ತಾರೆ. ಅಕ್ಕನ ಊದಿದ ಕಣ್ಣು ನೆನಪಾಯಿತು. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನಬೇಕು. ಯಾವುದರ ಮೇಲೂ ಗೆರೆ ಬೇಡ, ಆರಿಸುವವರೆಗೆ ಚೀಟಿಯ ಗುಂಡಿ ಒತ್ತಲೇ ಬರಬಾರದು. ಶ್ರೀಯನ್ನು ಎಲ್ಲಕ್ಕಿಂತ ಮೇಲೆ ಕೆಂಪಕ್ಷರದ ತಲೆಬರಹವಾಗಿ ಕೂರಿಸಿದೆ. ಕಾಣಿಸುತ್ತದೆ, ಆದರೆ ಎಣಿಕೆಗೆ ಬರುವುದಿಲ್ಲ.

ಪ್ರೋಗ್ರಾಂ ತಯಾರಾಯಿತು. ಆದರೆ ಅದರಿಂದ ಅಕ್ಕನ ಮೇಲಿನ ಮಾತು ಹೋಗುವುದಿಲ್ಲವಲ್ಲ. ಸೋಮವಾರ ಸರ್ ಬರುತ್ತಾರೆ, ಯಾರಿಗೂ ಕಾಣದ ಹಾಗೆ ಎರಡು ಗುಂಡಿ ಒತ್ತಿ ಸರಿಮಾಡುತ್ತಾರೆ, ಈಕೆಯದೇ ತಪ್ಪು ಎಂದು ಹೇಳಿ ಚಹಾ ಕುಡಿದು ಹೋಗುತ್ತಾರೆ. ನಾನು ಹೋಗಿ ಎಲ್ಲರೆದುರು ಅವರ ಮಾನ ಹರಾಜು ಹಾಕಬೇಕು. ಬಸ್ಸಿನಲ್ಲಿ ಜೋಡಿಸಿದ ಮಾತುಗಳೆಲ್ಲ ನಾಲಿಗೆಯ ತುದಿಯಲ್ಲೇ ಇದ್ದವು. ಆದರೆ ಬಾಯಿ ತೆರೆದರೆ ಸಾಹುಕಾರರು ಮತ್ತೆ ಹಳೆಯ ಜಗಳ ಅನ್ನುತ್ತಾರೆ. ಸೇಡು ಬೇಕಾದರೆ ನಾನು ಬಾಯಿ ಮುಚ್ಚಿಕೊಂಡಿರಬೇಕು. ನನ್ನಂಥವಳಿಗೆ ಅದೆಷ್ಟು ಕಷ್ಟ ಎಂಬುದು ನನ್ನ ತಾಯಿಗೆ ಗೊತ್ತು. ಕೊನೆಗೆ ಗಟ್ಟಿ ಮನಸ್ಸು ಮಾಡಿ ಅಕ್ಕನಿಗೆ ಫೋನ್ ಮಾಡಿದೆ.

"ಅಕ್ಕ, ಸರ್ ಬಂದಾಗ ನೀ ವಾದ ಮಾಡಬ್ಯಾಡ. ಒಂದೇ ಮಾತು ಹೇಳು. ಕುಂತು ತೋರಿಸ್ರಿ ಅನ್ನು."

ಸೋಮವಾರ ಸರ್ ಕಾರಿನಲ್ಲಿ ಬಂದರು. ಬಾಗಿಲ ಹತ್ತಿರ ನಿಂತ ನನ್ನನ್ನು ನೋಡಿ, "ಓಹೋ, ನೀನೂ ಬಂದೀಯಾ?" ಎಂದು ನಕ್ಕರು. ನಾನು ತುಟಿ ಬಿಚ್ಚಲಿಲ್ಲ. ಸೋಯಾ ಟ್ರ್ಯಾಕ್ಟರ್ ಒಂದು ಕಾಂಟಾದ ಮೇಲೆ ನಿಂತಿತ್ತು. ಹಮಾಲರು, ಸರದಿಗೆ ಕಾಯುತ್ತಿದ್ದ ರೈತರು ಕಿಟಕಿಗೆ ಮುಗಿಬಿದ್ದಿದ್ದರು. ಸರ್ ಸಾಹುಕಾರರಿಗೆ, "ಪ್ರೋಗ್ರಾಂನಾಗ ಏನೂ ಗಲತಿ ಇಲ್ರಿ. ಕೂಡೋರಿಗೆ ಅಕಲ್ ಇರಬೇಕು," ಎಂದರು.

ಅಕ್ಕ ಕುರ್ಚಿಯಿಂದ ಎದ್ದಳು. "ಸರ್, ನಾ ತಪ್ಪು ಒತ್ತೀನಿ ಅಂದ್ರಿ. ಸರಿ ಹ್ಯಾಂಗ ಒತ್ತೋದು, ನೀವೇ ಕುಂತು ತೋರಿಸ್ರಿ. ಇದೊಂದು ಟ್ರ್ಯಾಕ್ಟರ್ ತೂಗ್ರಿ."

"ಅದಕ್ಕೇನು?" ಸರ್ ಕೂತರು. ಅಕ್ಕ, "ದಿನಾ ಮಾಡೋಹಂಗ ಚಾಲೂ ಮಾಡ್ತೀನ್ರಿ," ಎಂದು ಮೇನ್ ಸ್ವಿಚ್ ಕೆಳಗೆಳೆದು ಮತ್ತೆ ಮೇಲೆತ್ತಿದಳು. ಪ್ರೋಗ್ರಾಂ ತೆರೆಯಿತು. ಸರ್ ನಮ್ಮೆಲ್ಲರ ಕಡೆ ಒಮ್ಮೆ ನೋಡಿ, ಒಂದು ಬೆರಳಿನಿಂದ ಗುಂಡಿ ಒತ್ತಿದರು. ಪ್ರಿಂಟರ್ ಕಿರುಗುಟ್ಟಿ ಚೀಟಿ ಹೊರಗೆ ಹಾಕಿತು. ಸಾಹುಕಾರರು ಹರಿದು, ಕನ್ನಡಕ ಏರಿಸಿ, ಗಟ್ಟಿಯಾಗಿ ಓದಿದರು.

"ಮಾಲು... ತೊಗರಿ."

ಕಿಟಕಿಯಾಚೆ ಒಬ್ಬ ಹಮಾಲ ಕಿಸಕ್ಕನೆ ನಕ್ಕ. ಸರ್, "ಏ, ಇದು ಆಕೀನೇ ಮೊದಲ ತೊಗರಿ ಮ್ಯಾಲ ಇಟ್ಟಿರಬೇಕು," ಎಂದು ಗೆರೆಯನ್ನು ಸೋಯಾಕ್ಕೆ ತಂದರು. "ನೋಡ್ರಿ, ಈಗ ಸೋಯಾ. ಎಲ್ಲರೂ ನೋಡಿದ್ರಿ?"

"ನೋಡಿದ್ವಿ," ಎಂದಳು ಅಕ್ಕ, ಮತ್ತೆ ಸ್ವಿಚ್ ಎಳೆದಳು.

ತೆರೆದಾಗ ಗೆರೆ ತೊಗರಿಯ ಮೇಲಿತ್ತು. ಸರ್ ಮುಖ ಬೂದುಗುಂಬಳದ ಹಾಗೆ ಬಿಳಿಚಿತು. ಸಾಹುಕಾರರು ಚೀಟಿಯನ್ನು ನೋಡಿದರು, ಪರದೆಯನ್ನು ನೋಡಿದರು, ಕೊನೆಗೆ ನನ್ನನ್ನು ನೋಡಿದರು. "ನೀ ಅವತ್ತು ಏನಂದಿ? ತಿರುಗಿ ಹೇಳು."

ಈಗ ಬಾಯಿ ತೆರೆದೆ. "ಮ್ಯಾಲ ಒಂದು ಡಬ್ಬಿ ಹೊಸಾದು ಬಂತ್ರಿ ಸಾವಕಾರ್ರೆ, ಉಳಿದ ಡಬ್ಬಿ ಎಲ್ಲಾ ಒಂದೊಂದು ಸರದ್ವು. ಅಡಿಗಿ ಮನ್ಯಾಗ ನಾವು ಐದನೇ ಡಬ್ಬಿ ಅಂತ ಕಣ್ಣು ಮುಚ್ಚಿ ಉಪ್ಪು ಹಾಕಂಗಿಲ್ಲ. ಒಳಗ ಏನದ ನೋಡಿ ಹಾಕ್ತೀವಿ. ಸರ್‌ಗೆ ಅವತ್ತೇ ಹೇಳಿದ್ದೆ, ಅವರಿಗೆ ನಗಿ ಬಂತು."

ನನ್ನ ಹೊಟ್ಟೆ ತಣ್ಣಗಾಯಿತು. ಅವತ್ತು ಅಂಗಡಿಯಲ್ಲಿ ನಕ್ಕ ಗಿರಾಕಿಗಳೂ ಇಲ್ಲಿ ಇರಬೇಕಿತ್ತು ಅನ್ನಿಸಿತು.

ಸಾಹುಕಾರರು ಕೆಮ್ಮಿದರು. "ಆಯ್ತು ಬಿಡವ್ವಾ. ಆದದ್ದು ಆಯ್ತು. ಕುಂದ್ರು, ಟ್ರ್ಯಾಕ್ಟರ್ ನಿಂತಾವ."

ಅಕ್ಕ ಕೂರಲಿಲ್ಲ. "ಕಳ್ಳಿ ಅಂತ ಇವರೆಲ್ಲರ ಮುಂದ ಅಂದ್ರಿ. ಅದನ್ನ ಇವರೆಲ್ಲರ ಮುಂದೇ ತೆಗೀರಿ."

ನನ್ನ ಸೇಡು ಸರ್ ಹತ್ತಿರವೇ ನಿಂತಿತ್ತು, ಅಕ್ಕನದು ಸಾಹುಕಾರರ ತನಕ ಹೋಯಿತು. ಅವರು ಕಿಟಕಿಯ ಕಡೆ ನೋಡಿದರು. ಯಾವ ಹಮಾಲನೂ ಜಾಗ ಬಿಟ್ಟು ಕದಲಿರಲಿಲ್ಲ. ಕಾಂಟಾದ ಮೇಲಿನ ಟ್ರ್ಯಾಕ್ಟರಿನವನು ಇಂಜಿನ್ ಆರಿಸಿ ಇಳಿದು ಬಂದ. ಸಾಹುಕಾರರು ಕನ್ನಡಕ ತೆಗೆದು ಒರೆಸಿದರು.

"ಈಕಿದು ತಪ್ಪಿಲ್ಲ. ನಾ ತಪ್ಪು ಮಾತಾಡಿದೆ," ಎಂದರು, ಎಲ್ಲರಿಗೂ ಕೇಳುವ ಹಾಗೆ.

ಅಕ್ಕ ಕೂತಳು. ಈ ಗದ್ದಲದಲ್ಲಿ ಸರ್ ಕಾರು ಯಾವಾಗ ಹೊರಟಿತೋ ಯಾರೂ ನೋಡಲಿಲ್ಲ. ನಾನು ನನ್ನ ಪ್ರೋಗ್ರಾಂ ಹಾಕಿದೆ. ಸಾಹುಕಾರರು ಮೊದಲು ನೋಡಿದ್ದು ಶ್ರೀ ಇದೆಯೋ ಇಲ್ಲವೋ ಎಂದು. ಅಕ್ಕ ಸೋಯಾ ಆರಿಸಿ, ಸ್ವಿಚ್ ಎಳೆದು, ಎತ್ತಿ, ಗೆರೆ ಸೋಯಾದ ಮೇಲೆಯೇ ಇರುವುದನ್ನು ನೋಡಿ, ನಂಬಿಕೆ ಬರುವವರೆಗೆ ಮತ್ತೆ ಮತ್ತೆ ಎಳೆದಳು.

ಬಜಾರಿನಲ್ಲಿ ಮಾತು ಹರಡಲು ಎಷ್ಟು ಹೊತ್ತು ಬೇಕು? ಸರ್ ಪ್ರೋಗ್ರಾಂ ಹಾಕಿದ ಬೇರೆ ಕಾಂಟಾದವರೂ ಅವರಿಗೆ ಫೋನ್ ಮಾಡತೊಡಗಿದರಂತೆ. ತೊಗರಿ ಹಂಗಾಮು ಶುರುವಾಗುವ ಹೊತ್ತಿಗೆ ಒಂದು ಮಧ್ಯಾಹ್ನ ನನ್ನ ಫೋನಿನಲ್ಲಿ ಸರ್ ದನಿ, ಬೆಣ್ಣೆ ಸವರಿದ ಹಾಗೆ.

"ಏನವ್ವಾ, ಆರಾಮ ಇದ್ದೀ? ಆ ಪಟ್ಟಿದು ಜರಾ... ನೀ ಹ್ಯಾಂಗ ಮಾಡಿದಿ, ಹೇಳ್ತೀ ಏನು?"

"ಕಾಂಟಾದ ಅಕ್ಕನಿಗೆ ಕೇಳ್ರಿ ಸರ್. ಆಕಿ ಹೇಳು ಅಂದ್ರ ಹೇಳ್ತೀನಿ. ಈಗ ನಾ ಅಡಿಗಿ ಮನ್ಯಾಗ ಅದೀನಿ, ಡಬ್ಬಿ ಹೊಂದಸಾಕತ್ತೀನಿ," ಎಂದು ಫೋನ್ ಇಟ್ಟೆ.

ಅವರು ನಿಜಕ್ಕೂ ಅಕ್ಕನಿಗೆ ಫೋನ್ ಮಾಡಿದರು. ಏನು ಹೇಳಿದೆ ಎಂದು ಅಕ್ಕನನ್ನು ಕೇಳಿದೆ. ಫೋನಿನಲ್ಲಿ ಅವಳ ಹಿಂದೆ ಪ್ರಿಂಟರಿನ ಸದ್ದು, ಟ್ರ್ಯಾಕ್ಟರಿನ ಸದ್ದು.

"ಬರ್ರಿ ಅಂದೆ ತಂಗಿ. ಅವತ್ತಿನ ಹಮಾಲರು ಎಲ್ಲಾ ಇಲ್ಲೇ ಇದ್ದಾರ. ಅಕಲ್ ಯಾರಿಗಿಲ್ಲ ಅನ್ನೋದು ಅವರ ಮುಂದ ನಿಂತು ಒಂದು ಮಾತು ಹೇಳಿ ಹೋಗ್ರಿ ಅಂದೆ."

"ಬಂದ್ರಾ?"

"ಇನ್ನೂ ಬಂದಿಲ್ಲ," ಎಂದಳು ಅಕ್ಕ. "ಬಿಡು, ನಾ ಎಲ್ಲಿಗೂ ಹೋಗಂಗಿಲ್ಲ. ಇಲ್ಲೇ ಕುಂತೀನಿ."